ಮುಪ್ಪಿಗೆ ಮದ್ದಿನ ಹೊರೆ
(ಸಂಘದ ಯುಗಾದಿ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಬೇಸಿಗೆ ಬಂತೆಂದರೆ ಅಮೆರಿಕದ ನಮ್ಮ ಮನೆಗಳಿಗೆ ಊರಿನಿಂದ ತಂದೆತಾಯಿಯರು ಬರುತ್ತಾರೆ. ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಹಪ್ಪಳಗಳೊಡನೆ ಆರು ತಿಂಗಳಿಗಾಗುವಷ್ಟು ಗುಳಿಗೆಗಳೂ ಬರುತ್ತವೆ. ಆ ಗುಳಿಗೆಗಳ ಚೀಲವನ್ನು ನಮ್ಮಲ್ಲಿ ಎಷ್ಟು ಮಂದಿ ಬಿಚ್ಚಿ ನೋಡಿದ್ದೇವೆ?

ನಾವೂ ನೋಡಿರಲಿಲ್ಲ. ನಮ್ಮ ತಾಯಿಯವರು ಇಲ್ಲಿಗೆ ಬಂದಾಗ ರಕ್ತದೊತ್ತಡಕ್ಕೆಂದು ಅಮ್ಲೋಡಿಪಿನ್ ಸೇವಿಸುತ್ತಿದ್ದರು. ಅದರಿಂದ ಕಾಲು ಊದಿತು. ಊತಕ್ಕೆಂದು ವೈದ್ಯರೊಬ್ಬರು ಮೂತ್ರವರ್ಧಕವನ್ನು ಬರೆದುಕೊಟ್ಟರು. ರಾತ್ರಿ ಪದೇ ಪದೇ ಏಳಬೇಕಾಗಿ ನಿದ್ರೆ ಕೆಟ್ಟಿತು. ನಿದ್ರೆಗೆಂದು, ಚೀಟಿಯಿಲ್ಲದೆ ದೊರೆಯುವ ಡೈಫೆನ್‌ಹೈಡ್ರಮಿನ್ ಗುಳಿಗೆಯನ್ನು ತಂದುಕೊಟ್ಟವರು ಸ್ವತಃ ನಾವೇ. ವಾರದೊಳಗೆ ಅವರು ನಮ್ಮ ಹೆಸರನ್ನು ತಪ್ಪಿ ಕರೆಯತೊಡಗಿದರು. ನಡುರಾತ್ರಿಯಲ್ಲಿ ಎದ್ದು ಊರಿನ ಮನೆಯ ಬಾವಿಯನ್ನು ಹುಡುಕಿದರು. ಮರೆವಿನ ರೋಗವೇ ಬಂತೆಂದು ಕಂಗೆಟ್ಟೆವು. ಕೊನೆಗೆ ಹಿರಿಯ ವೈದ್ಯೆಯೊಬ್ಬರು ಗುಳಿಗೆಗಳನ್ನೆಲ್ಲ ಮೇಜಿನ ಮೇಲೆ ಹರಡಿಸಿ, ಒಂದೊಂದೂ ಏತಕ್ಕೆಂದು ಕೇಳಿದರು. ನಿದ್ರೆಯ ಗುಳಿಗೆಯನ್ನು ನಿಲ್ಲಿಸಿ, ಒತ್ತಡದ ಮದ್ದನ್ನು ಬದಲಿಸಿದ ಮೇಲೆ ತಾಯಿಯವರು ಕೆಲವೇ ದಿನಗಳಲ್ಲಿ ಮೊದಲಿನಂತಾದರು.

ಒಂದು ಮದ್ದಿನ ಅಡ್ಡಪರಿಣಾಮವನ್ನು ಹೊಸ ರೋಗವೆಂದು ಬಗೆದು ಮತ್ತೊಂದು ಮದ್ದನ್ನು ಸೇರಿಸುವ ಈ ಸರಪಳಿ ಅಪರೂಪವಲ್ಲ. ವಯಸ್ಸಾದಂತೆ ಮೂತ್ರಪಿಂಡಗಳ ಶಕ್ತಿ ಕುಗ್ಗುವುದರಿಂದ ಹಲವು ಮದ್ದುಗಳು ದೇಹದಲ್ಲಿ ಹೆಚ್ಚು ಕಾಲ ಉಳಿಯುತ್ತವೆ. 1991ರಲ್ಲಿ ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ ಮತ್ತು ಸಂಗಡಿಗರು ಶುಶ್ರೂಷಾಲಯಗಳ ವೃದ್ಧರಿಗೆ ಸಲ್ಲದ ಮದ್ದುಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಅಮೆರಿಕನ್ ಜೀರಿಯಾಟ್ರಿಕ್ಸ್ ಸೊಸೈಟಿ 2023ರಲ್ಲಿ ಪರಿಷ್ಕರಿಸಿದ ಆ ಪಟ್ಟಿಯಲ್ಲಿ ಡೈಫೆನ್‌ಹೈಡ್ರಮಿನ್ ಇದೆ. ಬಿದ್ದು ಮೂಳೆ ಮುರಿಯುವ ಅಪಾಯವನ್ನು ಹೆಚ್ಚಿಸುವ ಡಯಾಜೆಪಾಮ್ ಇದೆ. ರಕ್ತದ ಸಕ್ಕರೆಯನ್ನು ದೀರ್ಘಕಾಲ ತೀರ ಕೆಳಗಿಳಿಸಬಲ್ಲ ಗ್ಲಿಬೆನ್‌ಕ್ಲಾಮೈಡ್ ಕೂಡ ಇದೆ.

ಹೊರನಾಡಿಗರಾದ ನಮಗೆ ಇನ್ನೊಂದು ತೊಡಕುಂಟು. ಊರಿನ ಗ್ಲಿಬೆನ್‌ಕ್ಲಾಮೈಡೇ ಇಲ್ಲಿಯ ಗ್ಲೈಬ್ಯುರೈಡ್. ಅಲ್ಲಿಯ ಪ್ಯಾರಾಸಿಟಮಾಲೇ ಇಲ್ಲಿಯ ಅಸಿಟಮಿನೊಫೆನ್. ಹೆಸರು ಬೇರೆಯೆಂದು ಎರಡನ್ನೂ ನುಂಗಿದರೆ ಒಂದೇ ಮದ್ದು ಇಮ್ಮಡಿಯಾಗುತ್ತದೆ.

ಆದಕಾರಣ, ಹಿರಿಯರು ಸೇವಿಸುವ ಪ್ರತಿಯೊಂದು ಗುಳಿಗೆ, ಲೇಹ್ಯ, ಕಷಾಯವನ್ನೂ ಮೂಲದ್ರವ್ಯದ ಹೆಸರಿನೊಡನೆ ಬರೆದಿಟ್ಟುಕೊಳ್ಳೋಣ. ವೈದ್ಯರ ಮುಂದೆ ಆ ಪಟ್ಟಿಯನ್ನಿಟ್ಟು, ‘ಇದು ಇನ್ನೂ ಬೇಕೆ?’ ಎಂದು ಸಂಕೋಚವಿಲ್ಲದೆ ಕೇಳೋಣ. ಸ್ವಂತ ಬುದ್ಧಿಯಿಂದ ಮಾತ್ರ ಯಾವುದನ್ನೂ ಥಟ್ಟನೆ ನಿಲ್ಲಿಸುವುದು ಬೇಡ. ಡಯಾಜೆಪಾಮಿನಂಥವನ್ನು ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ ಇಳಿಸಬೇಕು.

ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡುವುದನ್ನೇ ನಾವು ಸೇವೆಯೆಂದು ತಿಳಿದಿದ್ದೆವು. ಯಾವ ಗುಳಿಗೆ ಬೇಡವೆಂದು ವಿಚಾರಿಸುವುದೂ ಸೇವೆಯೇ ಎಂಬುದನ್ನು ತಡವಾಗಿ ಕಲಿತೆವು. ತಮಗೆ ಆ ತಡವಾಗದಿರಲಿ.