ಕಾವೇರಿ ಗಲಾಟೆ ಮತ್ತು ನಮ್ಮ ಕೈಲಿರೋ ಮೊಬೈಲ್

(ಬ್ಲಫ್‌ನಲ್ಲಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಸಾಲ, ಉಳಿತಾಯದ ಲೆಕ್ಕ ಆಮೇಲೆ ನೋಡೋಣ. ಮೊದಲು ಮೊಬೈಲ್ ವಿಷಯ.

1991ರ ಡಿಸೆಂಬರಿನ ಕಾವೇರಿ ಗಲಾಟೆ ಇಲ್ಲಿರೋ ಹಿರಿಯರಿಗೆ ನೆನಪಿರಬಹುದು. ಆಗ ಮೊಬೈಲ್ ಇರಲಿಲ್ಲ. ಆದರೂ ತಮಿಳು ಮಾತಾಡೋ ಬಡವರ ಮನೆಗಳು ಸುಟ್ಟವು, ಎಷ್ಟೋ ಜನ ಊರು ಬಿಟ್ಟರು. ಹಾಗಾಗಿ ದ್ವೇಷ ಹುಟ್ಟಿದ್ದೇ ಮೊಬೈಲಿಂದ ಅಂತ ನಾನು ಹೇಳೋದಿಲ್ಲ. ಬದಲಾಗಿದ್ದು ಅದು ಓಡೋ ವೇಗ. 2016ರ ಸೆಪ್ಟೆಂಬರ್‌ನಲ್ಲಿ, ಫೇಸ್‌ಬುಕ್‌ನಲ್ಲಿ ಕನ್ನಡ ನಟರನ್ನು ಗೇಲಿ ಮಾಡಿದ ಅಂತ ಬೆಂಗಳೂರಿನಲ್ಲಿ ಒಬ್ಬ ತಮಿಳು ಹುಡುಗನಿಗೆ ಹೊಡೆದರು. ಹೊಡೆಯೋದರ ವಿಡಿಯೋ ತಮಿಳುನಾಡಿಗೆ ಹೋಯಿತು. ಅಲ್ಲಿ ಕನ್ನಡದವರಿಗೆ ಹೊಡೆದ ವಿಡಿಯೋ ಇಲ್ಲಿಗೆ ಬಂತು. 12ನೇ ತಾರೀಕು ಬೆಂಗಳೂರಿನಲ್ಲಿ ಬಸ್ಸು, ಲಾರಿಗಳು ಉರಿದವು. ಪೊಲೀಸರ ಗುಂಡಿಗೆ ಒಬ್ಬರು ಸತ್ತರು.

2023ರಲ್ಲಿ ಮತ್ತೆ ಮಳೆ ಕೈಕೊಟ್ಟಿತು. ಅಷ್ಟರಲ್ಲಿ ಮೊಬೈಲ್ ಮನೆಮನೆಗೂ ಬಂದಿತ್ತು. ನಮ್ಮ ಸಂಘದ ವಾಟ್ಸಾಪ್ ಗ್ರೂಪಿಗೇ ಒಂದು ಮೆಸೇಜ್ ಬಂತು: ದಿನಕ್ಕೆ 5,000 ಟಿಎಂಸಿ ನೀರು ಬಿಡ್ತಾರಂತೆ! ಅಲ್ಲ ಕಣ್ರಮ್ಮ, ಕನ್ನಂಬಾಡಿ ಕಟ್ಟೆ ಪೂರ್ತಿ ತುಂಬಿದರೂ ಹಿಡಿಯೋದು ಸುಮಾರು 49 ಟಿಎಂಸಿ. ಆದೇಶ ಆಗಿದ್ದು 5,000 ಕ್ಯೂಸೆಕ್, ಅಂದರೆ ಸೆಕೆಂಡಿಗೆ 5,000 ಘನ ಅಡಿ. ಒಂದಿಡೀ ದಿನ ಹರಿದರೂ ಅದು ಅರ್ಧ ಟಿಎಂಸಿ ಆಗೋದಿಲ್ಲ. ಹದಿನೈದು ದಿನಕ್ಕೆ ಸುಮಾರು ಆರೂವರೆ. ಬರಗಾಲದಲ್ಲಿ ಅದೂ ಕಮ್ಮಿ ಏನಲ್ಲ. ಗದ್ದೆ ಒಣಗಿದ ಮನೆಯ ಹೆಂಗಸಿಗೆ ಸುಮ್ಮನಿರು ಅನ್ನೋ ಹಕ್ಕು ನನಗಿಲ್ಲ. ನೀರು ಕೇಳಿ, ಧರಣಿ ಕೂರಿ. ಆದರೆ ಆ ಮೆಸೇಜಿನ ಕೊನೇ ಸಾಲು ನೀರಿನದಲ್ಲ, "ತಮಿಳರನ್ನ ಓಡಿಸಿ" ಅಂತ. 1902ರಲ್ಲಿ ಇದೇ ಬ್ಲಫ್‌ನಿಂದ ಕರೆಂಟು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಅಲ್ಲಿ ದುಡಿದವರಲ್ಲಿ ತಮಿಳರೇ ಬಹಳ ಜನ.

ಆ ಮೆಸೇಜಿನ ಮೇಲೆ ಎರಡು ಬಾಣದ ಗುರುತಿತ್ತು. ಎಲ್ಲಿಂದಲೋ ಕೈಯಿಂದ ಕೈಗೆ ಹಲವಾರು ಸಲ ದಾಟಿ ಬಂದದ್ದು ಅಂತ ಅದರರ್ಥ. ಕಳಿಸಿದವರು ಓದಿಯೇ ಇರಲಿಲ್ಲವಂತೆ, ಸುಮ್ಮನೆ ಒತ್ತಿದರಂತೆ.

ಗ್ರೂಪಿನಲ್ಲಿ ತಮಿಳು ಮನೆಮಾತಿನ ಒಬ್ಬ ಸದಸ್ಯೆ ಇದ್ದರು. ಸಾಲದ ಕಂತು ಒಂದು ಸಲವೂ ತಪ್ಪಿಸಿದವರಲ್ಲ. ಆ ರಾತ್ರಿಯೇ ಗ್ರೂಪಿನಿಂದ ಹೊರಗೆ ಹೋದರು. ನಾವು ಯಾರೂ ಒಂದು ಮಾತು ಬರೆಯಲಿಲ್ಲ. ನಾನೂ ಬರೆಯಲಿಲ್ಲ, ಬೆಳಿಗ್ಗೆ ನೋಡಿದರಾಯಿತು ಅಂದುಕೊಂಡೆ.

2024ರ ಜುಲೈನಲ್ಲಿ ಕಟ್ಟೆ ತುಂಬಿತು. ಅದೇ ಗ್ರೂಪಿನಲ್ಲಿ ಬಾಗಿನದ ಫೋಟೋ, ಹೂವಿನ ಗುರುತು. ಬೈಗುಳ ಬರೆದವರಿಗೆ ಬರೆದದ್ದೇ ಮರೆತಿತ್ತು. ಅವರು ಮಾತ್ರ ಮೂರು ವಾರ ಉಳಿತಾಯದ ಹಣವನ್ನು ಮಗಳ ಕೈಲಿ ಕಳಿಸಿ, ನಾವು ಇಬ್ಬರು ಮನೆಗೆ ಹೋಗಿ ಕರೆದ ಮೇಲೆ ಸಭೆಗೆ ಬಂದಿದ್ದರು. ಗ್ರೂಪಿಗೆ ಇನ್ನೂ ಸೇರಿಲ್ಲ. ಸಭೆಯ ದಿನವನ್ನು ಈಗಲೂ ಅವರ ಮನೆಗೆ ಹೋಗಿಯೇ ಹೇಳಬೇಕು.