ನೀರು ಒಣಗುತ್ತದೆಯೇ?



ಇವತ್ತು ನಾನು ಮಾತಾಡುವುದು ಇಂಗ್ಲಿಷಿನ ಒಂದೇ ಒಂದು ಕ್ರಿಯಾಪದದ ಬಗ್ಗೆ: ‘ಡ್ರೈ ಅಪ್’. ಬೇಸಿಗೆ ಬಂತೆಂದರೆ ‘ನದಿ ಒಣಗಿದೆ’ ಎಂಬ ಸುದ್ದಿ ಓದುತ್ತೇವೆ. ಇಂಗ್ಲಿಷ್ ವಾಕ್ಯವೇ ಕನ್ನಡದ ಅಂಗಿ ತೊಟ್ಟು ಬಂದ ಹಾಗೆ ಕಾಣುತ್ತದೆ ನನಗೆ.

ಹೈಸ್ಕೂಲಿನಲ್ಲಿ ಅನುವಾದ ಮಾಡುವಾಗ ನಾನೂ ಹಾಗೇ ಬರೆದಿದ್ದೆ. ನಮ್ಮ ಮೇಷ್ಟ್ರು ಬೈಯಲಿಲ್ಲ. ಬೋರ್ಡು ಒರೆಸುವ ಬಟ್ಟೆಯನ್ನು ನೀರಲ್ಲಿ ಅದ್ದಿ, ಹಿಂಡಿ, ಕಿಟಕಿಯ ಸರಳಿಗೆ ಹಾಕಿದರು. ಪಾಠ ಮುಗಿಯುವ ಹೊತ್ತಿಗೆ ಅದನ್ನು ನನ್ನ ಕೈಗಿತ್ತು, ‘ಒಣಗಿತೇನೋ?’ ಎಂದರು. ‘ಒಣಗಿತು ಸಾರ್.’ ‘ಒಣಗಿದ್ದು ಬಟ್ಟೆ. ಅದು ಇಲ್ಲೇ ಇದೆ. ಹೊಳೆ ಅಂದರೆ ನೀರೇ ಅಲ್ಲವೇನೋ? ನೀರು ಒಣಗುತ್ತದೇನೋ?’ ಆ ಪ್ರಶ್ನೆ ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ.

ಅಡಿಕೆ ಸುಗ್ಗಿಯ ಅಂಗಳವನ್ನು ನೆನೆಸಿಕೊಳ್ಳಿ. ಒಲೆಯ ಮೇಲಿನ ಹಂಡೆಯಲ್ಲಿ ಅಡಿಕೆ ಬೇಯಿಸಿದ ನೀರು, ಅಂದರೆ ಚೊಗರು, ಕುದಿಯುತ್ತಾ ಬತ್ತುತ್ತದೆ. ಬೆಂದ ಅಡಿಕೆ ಬಿಸಿಲಲ್ಲಿ ಒಣಗುತ್ತದೆ. ಎರಡೂ ಹತ್ತು ಹೆಜ್ಜೆ ಅಂತರದಲ್ಲಿ, ಒಂದೇ ದಿನ. ಅಡಿಕೆ ಬತ್ತಿತು ಎಂದು ಯಾರೂ ಹೇಳುವುದಿಲ್ಲ, ಚೊಗರು ಒಣಗಿತು ಎಂದೂ ಹೇಳುವುದಿಲ್ಲ. ಹಸುವಿನ ಹಾಲು ಬತ್ತುತ್ತದೆ, ಅತ್ತವರ ಕಣ್ಣೀರು ಬತ್ತುತ್ತದೆ. ಮಳೆನೀರು ಮಣ್ಣಿಗೆ ಇಳಿದರೆ ಅದು ಇಂಗುವುದು. ಹೋದರೂ ನೆಲದಡಿ ಉಳಿದಿರುತ್ತದೆ, ಅದಕ್ಕೇ ಇಂಗುಗುಂಡಿ ತೋಡುತ್ತೇವೆ. ಹೂವು ಬಾಡುತ್ತದೆ. ಇಂಗ್ಲಿಷಿನ ‘ಅಪ್’ ಮಾಡುವ ಕೆಲಸಕ್ಕೆ ನಮ್ಮಲ್ಲಿ ‘ಹೋಗು’ ಇದೆ: ಬತ್ತಿಹೋಯಿತು.

1894ರ ಕಿಟ್ಟೆಲ್ ನಿಘಂಟಿನಲ್ಲಿ ಇವೆಲ್ಲ ಸಿಗುತ್ತವೆ. ತಮಿಳಿನ ‘ವಱ್ಱು’, ನಮ್ಮ ‘ಬತ್ತು’ ಒಂದೇ ಬೇರಿನವು. ಅಷ್ಟು ಸಾಕು. ನನಗೆ ತುಂಬ ಪ್ರಿಯವಾದದ್ದು ‘ಆರು’. ಒದ್ದೆ ಕೂದಲು ಆರುತ್ತದೆ, ದೀಪ ಆರುತ್ತದೆ, ಕಾಫಿ ಆರುತ್ತದೆ, ದಣಿವು ಆರುತ್ತದೆ. ಬಾಯಿ ಆರಿದರೆ ಬಾಯಾರಿಕೆ! ದಿನಕ್ಕೆ ಹತ್ತು ಸಲ ಆಡುವ ಮಾತಿನೊಳಗೆ ಈ ಕ್ರಿಯಾಪದ ಕೂತಿರುವುದು ನನಗೆ ಹೊಳೆದದ್ದು ಪಾಠ ಹೇಳಲು ಶುರುಮಾಡಿ ಎಷ್ಟೋ ವರ್ಷದ ಮೇಲೆ. ಮೇಷ್ಟ್ರಿಗೆ ಹೇಳೋಣವೆಂದರೆ ಅಷ್ಟರಲ್ಲಿ ಅವರು ತೀರಿಕೊಂಡಿದ್ದರು.

‘ಕೆರೆ ಒಣಗಿದೆ ಅಂತ ನಮ್ಮಜ್ಜಿಯೂ ಅನ್ನುತ್ತಿದ್ದಳಲ್ಲ’ ಎಂದು ನೀವು ಕೇಳಬಹುದು. ನಮ್ಮಜ್ಜಿಯೂ ಅನ್ನುತ್ತಿದ್ದಳು. ಅಜ್ಜಿ ಕೆರೆಯಂಗಳವನ್ನು, ಬಿರುಕುಬಿಟ್ಟ ಮಣ್ಣನ್ನು ನೋಡಿ ಹೇಳಿದಳು ಎಂದುಕೊಳ್ಳುತ್ತೇನೆ. ಕೂಡಲಿಯಲ್ಲಿ ತುಂಗೆ ಭದ್ರೆಯರು ಸೇರುವಲ್ಲಿ ನಿಂತರೂ ಹಾಗೇ: ನೀರು ಬತ್ತಿದ ಮೇಲೆ ಮರಳು ಒಣಗುತ್ತದೆ. ಈ ಉತ್ತರ ಪೂರ್ತಿ ಸಾಲದು ಎನ್ನುವುದು ನನಗೂ ಗೊತ್ತು.

ಇನ್ನೂ ಕಷ್ಟದ್ದು ಬೋರ್‌ವೆಲ್. ನಮ್ಮ ತೋಟದಲ್ಲಿ ಕೊರೆಸಿದಾಗ ಕೊಳವೆಯಿಂದ ಬರೀ ಬೂದುಬಣ್ಣದ ಧೂಳು ಎದ್ದು ಅಡಿಕೆ ಸೋಗೆಯ ಮೇಲೆಲ್ಲ ಕೂತಿತು. ಪಕ್ಕದ ತೋಟದವರು ‘ಡ್ರೈ ಆಯ್ತಲ್ಲ ಸಾರ್’ ಎಂದರು. ತಿದ್ದಲು ಬಾಯಿ ತೆರೆದೆ, ಪದ ಬರಲಿಲ್ಲ. ಬತ್ತಬೇಕಾದರೆ ಮೊದಲು ನೀರಿರಬೇಕು. ಒಣಗಬೇಕಾದರೆ ಮೊದಲು ಒದ್ದೆಯಿರಬೇಕು. ಎಂದೂ ಬಾರದ ನೀರಿಗೆ ನಮ್ಮ ಹಿರಿಯರು ಏನೆನ್ನುತ್ತಿದ್ದರು? ಅಷ್ಟು ಆಳಕ್ಕೆ ಅವರು ಕೊರೆದೇ ಇರಲಿಲ್ಲವಾದ್ದರಿಂದ ಪದವೇ ಬೇಕಾಗಲಿಲ್ಲವೇ? ಹಾಗಿದ್ದರೆ, ಇಷ್ಟು ಹೊತ್ತು ಬೇಡವೆಂದು ಹಟ ಹಿಡಿದ ಆ ಇಂಗ್ಲಿಷ್ ಮಾತನ್ನು ಇದೊಂದಕ್ಕೆ ಮಾತ್ರ ಒಳಗೆ ಬಿಟ್ಟುಕೊಳ್ಳಲೇ? ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇದಕ್ಕೊಂದು ಮಾತಿದೆಯೇ?