ಮನೆಯ ವೈಫೈ ಪೆಟ್ಟಿಗೆ ಏನು ಹೇಳುತ್ತಿದೆ?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸುವರ್ಣ ಮಹೋತ್ಸವದಲ್ಲಿ ಹಳೆಯ ನೆನಪುಗಳನ್ನು ಹೇಳುವುದು ವಾಡಿಕೆ. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಬಹಳ ಮಂದಿ ಇದ್ದೀರಿ. ನಾನು ಇದೇ ಶಾಲೆಯಲ್ಲಿ ಓದಿ, ಮೈಸೂರಿನ ಬಡಾವಣೆಗಳಲ್ಲಿ ಮನೆಮನೆಗೆ ಇಂಟರ್‌ನೆಟ್ ಸಂಪರ್ಕ ಕೊಡುವ, ಕೆಟ್ಟರೆ ಸರಿಪಡಿಸುವ ಕೆಲಸ ಮಾಡುತ್ತಿರುವವನು. "ಎಲ್ಲರಿಗೂ ಉಪಯೋಗಕ್ಕೆ ಬರುವ ಒಂದು ವಿಷಯ ಹೇಳಿ" ಎಂದು ಸಂಘಟಕರು ಕೇಳಿದರು. ನನಗೆ ಗೊತ್ತಿರುವುದು ಒಂದೇ ವಿಷಯ: ನಿಮ್ಮ ಮನೆಯ ಗೋಡೆಗೆ ತಗುಲಿಹಾಕಿರುವ ವೈಫೈ ಪೆಟ್ಟಿಗೆ. ಅಂದರೆ ರೂಟರ್.

ಮನೆಯಲ್ಲಿ ಮಿಕ್ಸಿಗೆ ಒಬ್ಬರು ಯಜಮಾನರಿರುತ್ತಾರೆ, ಸ್ಕೂಟರಿಗೆ ಒಬ್ಬರಿರುತ್ತಾರೆ. ಈ ಪೆಟ್ಟಿಗೆಗೆ ಮಾತ್ರ ಯಾರೂ ಇಲ್ಲ. ಹಾಕಿಸಿದ ದಿನ ನೋಡಿದ್ದು, ಆಮೇಲೆ ನೆಟ್ ನಿಂತ ದಿನ ನೋಡುವುದು. ಆದರೆ ಇವತ್ತು ಮಕ್ಕಳ ಪಾಠ, ಗ್ಯಾಸ್ ಬುಕಿಂಗ್, ಬ್ಯಾಂಕಿನ ಲೆಕ್ಕ, ದೂರದ ಊರಿನಲ್ಲಿರುವ ಮಗಳ ವಿಡಿಯೊ ಕರೆ ಎಲ್ಲವೂ ಅದರ ಮೂಲಕವೇ ಹಾದುಹೋಗುತ್ತವೆ. ಅದು ಮನೆಯ ಇನ್ನೊಂದು ಬಾಗಿಲು. ಆ ಬಾಗಿಲಿಗೆ ಬೀಗ ಇದೆಯೇ ಎಂದು ನೋಡುವವರೊಬ್ಬರು ಬೇಕು.

ಮೊದಲು ದೀಪಗಳ ವಿಷಯ. ನನಗೆ ಬರುವ ಕರೆಗಳು ಹೆಚ್ಚುಕಡಿಮೆ ಹೀಗಿರುತ್ತವೆ. "ನೆಟ್ ಬರ್ತಿಲ್ಲಪ್ಪ." "ಯಾವ ದೀಪ ಉರೀತಿದೆ ಅಮ್ಮ?" "ಎಲ್ಲಾ ಮಿಣಿಮಿಣಿ ಅಂತಿದೆ." ದಸರಾ ಸಮಯದಲ್ಲಿ ಅರಮನೆಯ ದೀಪಗಳನ್ನು ನೋಡಿ ಸಂತೋಷಪಟ್ಟರೆ ಸಾಕು, ಈ ದೀಪಗಳನ್ನು ಓದಬೇಕು. ಓದುವುದೇನೂ ಕಷ್ಟವಲ್ಲ, ಎಡದಿಂದ ಬಲಕ್ಕೆ ಒಂದು ಸಾಲು ಅಷ್ಟೆ. ಕಂಪನಿಯಿಂದ ಕಂಪನಿಗೆ ಬಣ್ಣ, ಹೆಸರು ಸ್ವಲ್ಪ ಬದಲಾಗಬಹುದು. ಆದರೆ ಫೈಬರ್ ಸಂಪರ್ಕವಿರುವ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇವು.

‘ಪವರ್’ ದೀಪ ಉರಿಯದಿದ್ದರೆ ಕರೆಂಟ್ ತಲುಪಿಲ್ಲ. ಯಾರಿಗೂ ಫೋನ್ ಮಾಡುವ ಮೊದಲು ಸ್ವಿಚ್ಚು, ಪಿನ್ನು, ಅಡಾಪ್ಟರ್ ನೋಡಿ.

‘ಪಾನ್’ ಎಂಬ ದೀಪ, ಇಂಗ್ಲಿಷಿನಲ್ಲಿ ಪಿ ಓ ಎನ್ ಎಂದು ಬರೆದಿರುತ್ತದೆ. ಕಂಬದಿಂದ ಮನೆಗೆ ಬರುವ ತೆಳ್ಳನೆಯ ಕೇಬಲ್ಲಿನೊಳಗೆ ಕೂದಲೆಳೆಯಷ್ಟು ಸಣ್ಣ ಗಾಜಿನ ದಾರವಿದೆ. ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ, ಕಣ್ಣಿಗೆ ಕಾಣದ ಬೆಳಕು ಹರಿಯುತ್ತದೆ. ಪಾನ್ ದೀಪ ನಿಶ್ಚಲವಾಗಿ ಹಸಿರಾಗಿದ್ದರೆ ನಿಮ್ಮ ಪೆಟ್ಟಿಗೆಯೂ ಕಂಪನಿಯ ಕೇಂದ್ರದ ಯಂತ್ರವೂ ಒಂದನ್ನೊಂದು ಗುರುತು ಹಿಡಿದಿವೆ ಎಂದರ್ಥ. ಮಿನುಗುತ್ತಲೇ ಇದ್ದರೆ ಇನ್ನೂ ಗುರುತು ಹಿಡಿಯಲು ಪ್ರಯತ್ನಿಸುತ್ತಿದೆ.

‘ಲಾಸ್’, ಅಂದರೆ ಎಲ್ ಓ ಎಸ್ ದೀಪ ಕೆಂಪಗೆ ಮಿನುಗಿದರೆ ಬೆಳಕೇ ಬರುತ್ತಿಲ್ಲ. ಎಲ್ಲೋ ರಸ್ತೆ ಅಗೆದಿದ್ದಾರೆ, ಗಾಳಿಮಳೆಗೆ ಕೊಂಬೆ ಬಿದ್ದಿದೆ, ಇಲ್ಲವೇ ಮನೆಯೊಳಗೇ ಬೀರು ಸರಿಸುವಾಗ ಕೇಬಲ್ ಮಡಿಚಿದೆ. ಗಾಜಿನ ದಾರವನ್ನು ಮಡಿಚಿದರೆ ಬೆಳಕು ಸೋರಿಹೋಗುತ್ತದೆ. ಕೆಂಪು ದೀಪ ಇದ್ದಾಗ ಹತ್ತು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಿಲ್ಲ. "ಲಾಸ್ ಕೆಂಪಾಗಿದೆ" ಎಂದು ದೂರು ಕೊಡಿ. ಈ ಎರಡು ಪದ ಹೇಳಿದರೆ ಬರುವವನು ಸರಿಯಾದ ಸಾಮಾನು ಹಿಡಿದುಕೊಂಡೇ ಬರುತ್ತಾನೆ. ಮಕ್ಕಳೇ, ಕಳಚಿದ ಕೇಬಲ್ಲಿನ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ. ಆ ಬೆಳಕು ಕಾಣುವುದಿಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ.

ಪಾನ್ ಹಸಿರಾಗಿದ್ದು, ‘ಇಂಟರ್‌ನೆಟ್’ ದೀಪ ಮಾತ್ರ ಆರಿದ್ದರೆ ಅಥವಾ ಕೆಂಪಾಗಿದ್ದರೆ ದಾರಿ ಸರಿಯಿದೆ, ಒಳಗೆ ಬಿಡುತ್ತಿಲ್ಲ. ಬಿಲ್ಲಿನ ಅವಧಿ ಮುಗಿದಿರಬಹುದು, ಸಂಪರ್ಕದ ಹೆಸರು ಪಾಸ್‌ವರ್ಡ್ ಅಳಿಸಿಹೋಗಿರಬಹುದು, ಕಂಪನಿಯ ಕಡೆಯೇ ತೊಂದರೆ ಇರಬಹುದು. ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡುವುದು ಇಲ್ಲಿ ಸರಿ.

ಎಲ್ಲ ದೀಪ ಸರಿಯಿದ್ದು ಫೋನಿಗೆ ಮಾತ್ರ ನೆಟ್ ಬರದಿದ್ದರೆ ‘ವೈಫೈ’ ದೀಪ ನೋಡಿ. 1935ರಲ್ಲಿ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಆ ಕೇಂದ್ರದಿಂದ. ಇಂದು ನಮ್ಮೆಲ್ಲರ ಮನೆಯಲ್ಲೂ ಒಂದು ಪುಟ್ಟ ರೇಡಿಯೊ ಕೇಂದ್ರವಿದೆ, ಅದೇ ವೈಫೈ. ಅದನ್ನು ಕಬ್ಬಿಣದ ಬೀರುವಿನ ಹಿಂದೆ, ಟಿವಿಯ ಬೆನ್ನಿಗೆ, ನೆಲದ ಮೇಲೆ ಇಟ್ಟರೆ ಅಲೆಗಳು ಹೇಗೆ ಹರಡಿಯಾವು? ಮನೆಯ ನಡುವೆ, ಎತ್ತರದಲ್ಲಿ, ತೆರೆದ ಜಾಗದಲ್ಲಿಡಿ.

ಇನ್ನೊಂದು ಎಚ್ಚರಿಕೆ. ಪೆಟ್ಟಿಗೆಯ ಹಿಂದೆ ಸೂಜಿತೂತಿನಂಥ ‘ರೀಸೆಟ್’ ಇರುತ್ತದೆ. ಅದನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಹಾಕಿದ್ದ ವಿವರಗಳೆಲ್ಲ ಅಳಿಸಿ, ಕಾರ್ಖಾನೆಯಿಂದ ಬಂದ ಸ್ಥಿತಿಗೆ ಹೋಗುತ್ತದೆ. ಅದು ಆಫ್ ಮಾಡಿ ಆನ್ ಮಾಡಿದಂತಲ್ಲ.

ದೀಪಗಳು ಇಷ್ಟೆಲ್ಲ ಹೇಳುತ್ತವೆ. ಆದರೆ ಒಂದು ವಿಷಯ ಅವು ಹೇಳುವುದಿಲ್ಲ. ಎಲ್ಲ ದೀಪ ಹಸಿರಾಗಿದ್ದಾಗಲೂ ಪೆಟ್ಟಿಗೆಯೊಳಗೆ ಕಳ್ಳ ಕೂತಿರಬಹುದು.

2017ರ ಜುಲೈ ಕೊನೆಯಲ್ಲಿ ನಮ್ಮ ಕರ್ನಾಟಕದಲ್ಲೇ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಸಾವಿರಾರು ಮೋಡೆಮ್‌ಗಳು ಕೆಲಸ ನಿಲ್ಲಿಸಿದವು. ಕಾರಣ ಮಳೆಯಲ್ಲ, ಅಗೆತವಲ್ಲ. ಒಂದು ಕುತಂತ್ರಾಂಶ ಇಂಟರ್‌ನೆಟ್ಟಿನ ಮೂಲಕವೇ ಮೋಡೆಮ್‌ಗಳಿಗೆ ನುಗ್ಗಿತ್ತು. ಅದು ನುಗ್ಗಿದ್ದು ಕಾರ್ಖಾನೆಯಲ್ಲಿ ಇಟ್ಟ ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನು ಬದಲಾಯಿಸದೇ ಇದ್ದ ಮೋಡೆಮ್‌ಗಳಿಗೆ. ಪಾಸ್‌ವರ್ಡ್ ಬದಲಾಯಿಸಿ ಎಂದು ಸಂಸ್ಥೆ ಗ್ರಾಹಕರಿಗೆ ಸೂಚನೆ ಕೊಟ್ಟಿತು. ಊರಿನ ಎಲ್ಲ ಮನೆಗೂ ಒಂದೇ ಬೀಗದ ಕೈ ಇದ್ದರೆ ಕಳ್ಳನಿಗೆ ಒಂದು ಕೈ ಸಿಕ್ಕರೆ ಸಾಕಲ್ಲವೇ?

ಆ ಮೋಡೆಮ್‌ಗಳು ನಿಂತುಹೋದವು, ಹಾಗಾಗಿ ಗೊತ್ತಾಯಿತು. ಸದ್ದಿಲ್ಲದೆ ಕೂರುವುದು ಇನ್ನೂ ಅಪಾಯ. 2018ರಲ್ಲಿ ಪತ್ತೆಯಾದ ‘ವಿಪಿಎನ್‌ಫಿಲ್ಟರ್’ ಎಂಬುದು 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ರೂಟರ್ ಮೊದಲಾದ ಉಪಕರಣಗಳನ್ನು ಹೊಕ್ಕಿತ್ತು. ಆಫ್ ಮಾಡಿ ಆನ್ ಮಾಡಿದರೆ ಅದರ ಕೆಲವು ಭಾಗ ಮಾತ್ರ ಅಳಿಯುತ್ತಿತ್ತು, ಬೇರು ಉಳಿಯುತ್ತಿತ್ತು. ಇಂಥವು ರೂಟರಿನೊಳಗಿನ ವಿಳಾಸದ ಪಟ್ಟಿಯನ್ನು ತಿದ್ದಿದರೆ, ನೀವು ಬ್ಯಾಂಕಿನ ಹೆಸರು ಒತ್ತಿದಾಗ ಬ್ಯಾಂಕಿನಂತೆಯೇ ಕಾಣುವ ನಕಲಿ ಪುಟ ತೆರೆದುಕೊಳ್ಳಬಹುದು.

ಇದಕ್ಕೆ ಮದ್ದು ‘ಫರ್ಮ್‌ವೇರ್ ಅಪ್‌ಡೇಟ್’. ಹೆಸರು ದೊಡ್ಡದು, ವಿಷಯ ಸರಳ. ರೂಟರ್ ಹೇಗೆ ಕೆಲಸ ಮಾಡಬೇಕೆಂಬ ಸೂಚನೆಗಳನ್ನು ಅದರೊಳಗೇ ಬರೆದಿಟ್ಟಿರುತ್ತಾರೆ. ಅದೇ ಫರ್ಮ್‌ವೇರ್. ಅದರಲ್ಲಿ ತೂತು ಕಂಡುಬಂದಾಗ ತಯಾರಕರು ತಿದ್ದಿದ ಹೊಸ ಪ್ರತಿ ಕೊಡುತ್ತಾರೆ. ಫೋನಾದರೆ "ಅಪ್‌ಡೇಟ್ ಮಾಡಿ" ಎಂದು ಪರದೆಯ ಮೇಲೆ ಕೇಳುತ್ತದೆ. ರೂಟರಿಗೆ ಪರದೆ ಇಲ್ಲ, ಬಾಯಿಲ್ಲದ ದನದ ಹಾಗೆ. ನಾವೇ ವಿಚಾರಿಸಬೇಕು.

ಕಂಪನಿಯೇ ಕೊಟ್ಟ ಪೆಟ್ಟಿಗೆಯಾದರೆ ಸಾಮಾನ್ಯವಾಗಿ ಅವರೇ ದೂರದಿಂದ ಅಪ್‌ಡೇಟ್ ಕಳಿಸುತ್ತಾರೆ. ಆಗ ದೀಪಗಳು ಒಮ್ಮೆಲೇ ಮಿನುಗಿ, ಆರಿ, ಮತ್ತೆ ಹೊತ್ತಿಕೊಳ್ಳಬಹುದು. ಗಾಬರಿಯಾಗಿ ಸ್ವಿಚ್ ತೆಗೆಯಬೇಡಿ, ಹತ್ತು ನಿಮಿಷ ಕಾಯಿರಿ. "ನನ್ನ ಪೆಟ್ಟಿಗೆಗೆ ಅಪ್‌ಡೇಟ್ ಬರುತ್ತಿದೆಯೇ?" ಎಂದು ಗ್ರಾಹಕ ಸೇವೆಗೆ ಕೇಳುವ ಹಕ್ಕು ನಿಮಗಿದೆ.

ನೀವೇ ಅಂಗಡಿಯಲ್ಲಿ ಕೊಂಡದ್ದಾದರೆ ಪೆಟ್ಟಿಗೆಯ ಅಡಿಯ ಚೀಟಿ ನೋಡಿ. 192.168ರಿಂದ ಆರಂಭವಾಗುವ ಒಂದು ವಿಳಾಸ, ಮಾದರಿಯ ಹೆಸರು ಅಲ್ಲಿರುತ್ತವೆ. ಅದೇ ವೈಫೈಗೆ ಸೇರಿದ ಫೋನ್ ಅಥವಾ ಕಂಪ್ಯೂಟರಿನಲ್ಲಿ ಆ ವಿಳಾಸ ಒತ್ತಿದರೆ ರೂಟರಿನ ಪುಟ ತೆರೆಯುತ್ತದೆ. ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ವೈಫೈ ಪಾಸ್‌ವರ್ಡ್ ಬೇರೆ, ಇದು ಬೇರೆ. ಎರಡಕ್ಕೂ ಮೊಬೈಲ್ ನಂಬರ್ ಇಡಬೇಡಿ. ಆಮೇಲೆ ‘ಫರ್ಮ್‌ವೇರ್ ಅಪ್‌ಗ್ರೇಡ್’ ಎಂಬಲ್ಲಿ ಹೊಸದಿದೆಯೇ ನೋಡಿ. ಫೈಲ್ ಇಳಿಸಿಕೊಳ್ಳಬೇಕಾದರೆ ತಯಾರಕರ ಜಾಲತಾಣದಿಂದ ಮಾತ್ರ, ಅದೇ ಮಾದರಿಯದು ಮಾತ್ರ. ಗುಡುಗು ಮಳೆಯ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ. ಅರ್ಧದಲ್ಲಿ ಕರೆಂಟ್ ಹೋದರೆ ಪೆಟ್ಟಿಗೆ ಇಟ್ಟಿಗೆಯಾಗಿಬಿಡಬಹುದು. ಯುಪಿಎಸ್ ಇದ್ದರೆ ಒಳ್ಳೆಯದು. ತಯಾರಕರು ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿರುವ ಹಳೆಯ ಪೆಟ್ಟಿಗೆಯಾದರೆ, ದೀಪ ಚೆನ್ನಾಗಿ ಉರಿಯುತ್ತಿದ್ದರೂ ಬದಲಿಸುವುದೇ ಕ್ಷೇಮ.

ಹಿರಿಯರಿಗೆ ಒಂದು ಮಾತು. "ನಿಮ್ಮ ರೂಟರ್ ಅಪ್‌ಡೇಟ್ ಮಾಡಬೇಕು, ಈ ಆ್ಯಪ್ ಹಾಕಿಕೊಳ್ಳಿ, ಒಟಿಪಿ ಹೇಳಿ" ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ರೂಟರ್ ಅಪ್‌ಡೇಟಿಗೆ ಬ್ಯಾಂಕಿನ ಒಟಿಪಿ ಬೇಕಾಗುವುದೇ ಇಲ್ಲ. ದುಡ್ಡು ಹೋಗಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ, ತಕ್ಷಣ 1930ಕ್ಕೆ ಕರೆ ಮಾಡಿ.

ಕೊನೆಯದಾಗಿ ಈ ಶಾಲೆಯ ಮಕ್ಕಳಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಪೆಟ್ಟಿಗೆಗೆ ನೀವೇ ಯಜಮಾನರಾಗಿ. ಒಂದು ಕಾರ್ಡಿನಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಪೆಟ್ಟಿಗೆಯ ಪಕ್ಕ ಅಂಟಿಸಿ: ಎಲ್ಲ ಸರಿಯಿದ್ದಾಗ ಯಾವ ದೀಪ ಹೇಗಿರುತ್ತದೆ, ದೂರು ಕೊಡುವ ಸಂಖ್ಯೆ, ಸಂಪರ್ಕದ ಸಂಖ್ಯೆ, ಕೊನೆಯ ಅಪ್‌ಡೇಟ್ ನೋಡಿದ ದಿನಾಂಕ. ಪಾಸ್‌ವರ್ಡ್ ಮಾತ್ರ ಅಲ್ಲಿ ಬರೆಯಬೇಡಿ. ಮೂರು ತಿಂಗಳಿಗೊಮ್ಮೆ ಆ ದಿನಾಂಕ ಹೊಸದಾಗಲಿ. ನಿಮ್ಮ ಮನೆಯಾದ ಮೇಲೆ ಪಕ್ಕದ ಮನೆಯ ಅಜ್ಜಿಯದನ್ನೂ ನೋಡಿಕೊಡಿ. ಐವತ್ತು ವರ್ಷ ಈ ಶಾಲೆ ಊರಿಗೆ ಓದು ಕಲಿಸಿದೆ. ಇವತ್ತು ಓದಲು ಬಾರದೆ ಉಳಿದಿರುವುದು ಈ ಐದಾರು ದೀಪಗಳು; ಅದನ್ನು ಹಿರಿಯರಿಗೆ ಕಲಿಸುವ ಸರದಿ ಮಕ್ಕಳದು.